ಉಜ್ಜನಪ್ಪ ಕೇಳದ ಸದ್ದು

ಉಜ್ಜನಪ್ಪನಿಗೆ ಕಿವಿ ಕೇಳಿಸುವುದಿಲ್ಲ ಎಂಬ ಗುಟ್ಟು ಶಿವಮೊಗ್ಗದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು, ಅವನ ಹೆಂಡತಿ ಕಾಶಮ್ಮನಿಗೆ. ಹಾಗೆಂದು ಅವನು ನಂಬಿದ್ದ. ನಂಬಿಕೆಗೇನು, ಬೆಕ್ಕು ಕೂಡ ಕಣ್ಣು ಮುಚ್ಚಿಕೊಂಡೇ ಹಾಲು ಕುಡಿಯುತ್ತದೆ.

ಯುದ್ಧ ನಡೆಯುತ್ತಿದ್ದ ಕಾಲ, ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ಉಜ್ಜನಪ್ಪನಿಗೆ ಆಗ ನಲವತ್ತೈದು. ಶಿವಮೊಗ್ಗದಿಂದ ಭದ್ರಾವತಿಗೆ ದಿನಕ್ಕೆ ಎರಡು ಸಲ ಹೋಗಿಬರುವ ಹದಿನಾರು ಸೀಟಿನ ವ್ಯಾನೊಂದಕ್ಕೆ ಅವನು ಧಣಿಯೂ ಹೌದು, ಡ್ರೈವರನೂ ಹೌದು. ಭದ್ರಾವತಿಯನ್ನು ಹಳಬರು ಇನ್ನೂ ಬೆಂಕೀಪುರ ಎಂದೇ ಕರೆಯುತ್ತಿದ್ದರು. ಅಲ್ಲಿ ಕಬ್ಬಿಣದ ಕಾರ್ಖಾನೆ ಹೊಸದಾಗಿ ಶುರುವಾದಾಗ ಉಜ್ಜನಪ್ಪ ಎತ್ತಿನ ಗಾಡಿಯಲ್ಲಿ ಸೌದೆ ಹೊಡೆಯುತ್ತಿದ್ದವನು. ಕಾರ್ಖಾನೆಯ ಬಾಗಿಲಲ್ಲಿ ಮೊದಲ ಲಾರಿ ಕಂಡ ದಿನವೇ ಎತ್ತಿನ ಮೇಲಿನ ಮನಸ್ಸು ಹಾರಿಹೋಯಿತು. ಎರಡೂ ಎತ್ತು ಮಾರಿ ಲಾರಿ ತೊಳೆಯುವ ಕ್ಲೀನರ್ ಕೆಲಸಕ್ಕೆ ಸೇರಿದಾಗ ಅವನ ಅಪ್ಪ ಮೂರು ತಿಂಗಳು ಮಾತು ಬಿಟ್ಟಿದ್ದ. ಶಿವಭಕ್ತರ ಮನೆಯ ಗಂಡು ಬಸವಣ್ಣನನ್ನು ಮಾರಿ ಕಬ್ಬಿಣದ ಸಗಣಿ ಬಾಚಲಿಕ್ಕೆ ಹೋದ ಎಂದು ಕೇರಿಯಲ್ಲೆಲ್ಲ ಆಡಿಕೊಂಡರು. ಹದಿಮೂರು ವರ್ಷ ಹೀಗೆ ಕಂಡವರ ಗಾಡಿ ತೊಳೆದು, ಕಂಡವರ ಗಾಡಿ ಓಡಿಸಿ, ಕೊನೆಗೆ ಮುರುಕಲು ಲಾರಿಯೊಂದನ್ನು ಕೊಂಡು, ಸೀಗೆಹಟ್ಟಿಯ ಬಡಗಿಯ ಕೈಲಿ ಅದಕ್ಕೆ ಮರದ ಮೈ ಕಟ್ಟಿಸಿ ವ್ಯಾನು ಮಾಡಿದ. ಸೋಮವಾರ ಬಸವಣ್ಣನಿಗೆ ನೊಗ ಹೂಡಬಾರದಲ್ಲ, ಹಾಗೆ ವ್ಯಾನಿಗೂ ಸೋಮವಾರ ರಜೆ. ನಗುವವರು ನಕ್ಕರು, ಅವನು ರಜೆ ತಪ್ಪಿಸಲಿಲ್ಲ.

ಕಿವಿಯ ವಿಷಯ ಹೇಳಬೇಕು. ಚಿಕ್ಕಂದಿನಲ್ಲಿ ತುಂಗೆಯಲ್ಲಿ ಮುಳುಗಿ ಮುಳುಗಿ ಅವನ ಎರಡೂ ಕಿವಿ ಸೋರುತ್ತಿದ್ದವು. ಎಡಗಿವಿ ಮೊದಲೇ ಹೋಯಿತು. ನಲವತ್ತು ದಾಟುವ ಹೊತ್ತಿಗೆ ಬಲಗಿವಿಯೂ ಬಾಗಿಲು ಹಾಕಿಕೊಂಡಿತು. ಒಂದೇ ದಿನಕ್ಕೆ ಹೋಗಿದ್ದರೆ ಬೊಬ್ಬೆ ಹೊಡೆಯುತ್ತಿದ್ದನೋ ಏನೋ. ಮೊದಲು ಹಕ್ಕಿ ಹೋದವು, ಆಮೇಲೆ ಹೆಂಗಸರ ಮಾತು, ಆಮೇಲೆ ದೇವಸ್ಥಾನದ ಗಂಟೆ. ಅಷ್ಟರಲ್ಲಿ ಅವನು ಜನರ ತುಟಿ ನೋಡುವುದನ್ನು ಕಲಿತಿದ್ದ, ಅರ್ಥವಾಗದಿದ್ದರೆ ಗಂಭೀರವಾಗಿ ತಲೆಯಾಡಿಸಿ 'ಹೂಂ' ಎನ್ನುವುದನ್ನೂ ಕಲಿತಿದ್ದ. ಕಡಿಮೆ ಮಾತಿನ ಮನುಷ್ಯ, ತೂಕದವನು ಎಂಬ ಹೆಸರೂ ಬಂತು. ಅರ್ಧ ದೊಡ್ಡಮನುಷ್ಯರು ಹೀಗೇ ಆಗಿರುತ್ತಾರೆ ಬಿಡಿ.

ವ್ಯಾನಿನಲ್ಲಿ ಟಿಕೆಟ್ಟು ಹರಿಯುವವನು ಭದ್ರಾವತಿ ಹಳೇನಗರದ ಹಾಲಸ್ವಾಮಿ. ಮೂವತ್ತರ ಆಸುಪಾಸಿನ ಗಟ್ಟಿ ಆಳು, ಆರು ವರ್ಷದಿಂದ ಜೊತೆಗಿದ್ದವನು. ಹಾಲಸ್ವಾಮಿ 'ಹೋಲ್ಡಾನ್' ಎಂದು ಕೂಗಿದರೆ ಕೇಳಿಸುವುದಿಲ್ಲವಲ್ಲ, ಅದಕ್ಕೆ ಉಜ್ಜನಪ್ಪ ತನ್ನ ಮೊಣಕೈಗೆ ಒಂದು ಹುರಿ ಕಟ್ಟಿಕೊಂಡು ಅದರ ಇನ್ನೊಂದು ತುದಿಯನ್ನು ಹಿಂದಿನ ಬಾಗಿಲಿಗೆ ಬಿಟ್ಟಿದ್ದ. ಒಮ್ಮೆ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೊರಡು. ಕೂಗಾಟ ಸಭ್ಯರ ಲಕ್ಷಣವಲ್ಲ ಎಂದು ಅದಕ್ಕೊಂದು ಕಾರಣವನ್ನೂ ಹೇಳಿದ್ದ. ಹಾಲಸ್ವಾಮಿ ಲೈಸೆನ್ಸು ಮಾಡಿಸಿಕೊಂಡು ಎರಡು ವರ್ಷವಾಗಿತ್ತು. ಆದರೆ ಉಜ್ಜನಪ್ಪ ಅವನಿಗೆ ಸ್ಟೇರಿಂಗ್ ಬಿಟ್ಟುಕೊಡುತ್ತಿರಲಿಲ್ಲ. ಆ ಸೀಟಿಗೆ ಬರಲು ಹದಿಮೂರು ವರ್ಷ ಹಿಡಿದಿತ್ತು, ಬಿಡುವುದೆಂದರೆ ಜೀವ ಬಿಟ್ಟ ಹಾಗೆ.

ಯುದ್ಧದಿಂದಾಗಿ ಪೆಟ್ರೋಲು ರೇಷನ್ ಕೂಪನ್ನಿಗೆ ಬಂದ ಮೇಲೆ ಎಲ್ಲರಂತೆ ಉಜ್ಜನಪ್ಪನೂ ವ್ಯಾನಿನ ಬೆನ್ನಿಗೆ ಇದ್ದಿಲು ಗ್ಯಾಸಿನ ಡ್ರಮ್ಮು ಕಟ್ಟಿಸಿದ್ದ. ಇದ್ದಿಲಿನ ಗ್ಯಾಸಿನಿಂದ ಗಾಡಿ ಓಡುತ್ತದೆ ನಿಜ, ಆದರೆ ಇದ್ದಿಲನ್ನು ಸೋಸದೆ ಹಾಕಿದರೆ ಅದರ ಪುಡಿ ಒಳಗೆ ಹೊಕ್ಕು ಇಂಜಿನ್ನನ್ನು ಅರೆದುಹಾಕುತ್ತದೆ. ಹಾಲಸ್ವಾಮಿ ವಾರವೆಲ್ಲ ಉಜ್ಜನಪ್ಪನ ಜಗಲಿಯಲ್ಲೇ ಮಲಗಿ, ದಿನಾ ಬೆಳಿಗ್ಗೆ ಕಾಶಮ್ಮನ ಹಳೆಯ ಜರಡಿಯಲ್ಲಿ ಇದ್ದಿಲು ಸೋಸಿ, ಮೂಗು ಬಾಯೆಲ್ಲ ಕಪ್ಪಾಗಿ, ಆಮೇಲೆ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಹೊರಡುತ್ತಿದ್ದ.

ಕಾರ್ತಿಕ ಕಳೆದು ನಾಲ್ಕು ದಿನವಾಗಿತ್ತು. ಬೆಳಗಿನ ಟ್ರಿಪ್ಪು ತುಂಗೆಯ ಸೇತುವೆ ದಾಟಿ ಹರಿಗೆಗೆ ಬರುವಾಗಲೇ ಇಂಜಿನ್ನು ಒಳಗಿನಿಂದ ಟಕ್ ಟಕ್ ಎಂದು ಬಡಿಯಲು ತೊಡಗಿತು. ಮಲವಗೊಪ್ಪದಲ್ಲಿ ಅದು ಅವಲಕ್ಕಿ ಕುಟ್ಟುವ ಸದ್ದಾಯಿತು. ಹದಿನಾರು ಜನ ಪ್ರಯಾಣಿಕರೂ ಕೇಳಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಹೊರಟ ಗಾಡಿಯಲ್ಲಿ ಕೂತು ಗಾಡಿ ಕೆಡುವ ಮಾತಾಡಿದರೆ ಅಪಶಕುನ. ಅದಲ್ಲದೆ ಉಜ್ಜನಪ್ಪನಂಥ ತೂಕದವನಿಗೆ ನಾವು ಹೇಳಿಕೊಡುವುದೇ? ಕೈಯಲ್ಲಿ ಹಿಡಿದವನಿಗೆ ಗೊತ್ತಿಲ್ಲವೇ? ಹಾಲಸ್ವಾಮಿ ಮೂರು ಸಲ ಮುಂದಕ್ಕೆ ಬಂದು ಏನೋ ಅಂದ. ಉಜ್ಜನಪ್ಪ ರಸ್ತೆಯಿಂದ ಕಣ್ಣು ತೆಗೆಯದೆ 'ಹೂಂ' ಎಂದು ತಲೆಯಾಡಿಸಿದ. ಮಾಚೇನಹಳ್ಳಿ ದಾಟುತ್ತಲೇ ಇಂಜಿನ್ನು ಕಿರುಚಿ, ಹೊಗೆ ಉಗುಳಿ ನಿಂತಿತು. ಎಣ್ಣೆ ಒಣಗಿ ಬೇರಿಂಗುಗಳ ಒಳಮೈಗೆ ಹೊಯ್ದ ಬಿಳಿಲೋಹ ಕರಗಿ ಹರಿದಿತ್ತು, ಅವುಗಳೊಳಗೆ ತಿರುಗುವ ಉಕ್ಕಿನ ದಂಡದ ಮೈಯೆಲ್ಲ ಗೀರು.

"ಹರಿಗೆಯಿಂದಲೇ ಬಡೀತಿತ್ತಲ್ಲ ಉಜ್ಜನಪ್ಪಾ, ನಿಂಗೆ ಕೇಳಿಸ್ಲಿಲ್ವಾ?" ಎಂದು ಕೆಳಗಿಳಿದ ಅಡಿಕೆ ವ್ಯಾಪಾರಿ ಕೇಳಿದ.

ಈ ಮಾತು ಮಾತ್ರ ಅವನ ತುಟಿಯ ಮೇಲೆ ಉಜ್ಜನಪ್ಪನಿಗೆ ಚೆನ್ನಾಗಿ ಕಂಡಿತು. ಕಿವಿ ಕೇಳದ ಡ್ರೈವರನ ಲೈಸೆನ್ಸು ಎಷ್ಟು ದಿನ ಉಳಿದೀತು?

"ಇದ್ದಿಲು!" ಎಂದು ಅವನು ಗಟ್ಟಿಯಾಗಿ ಹೇಳಿಬಿಟ್ಟ. "ಸೋಸದೆ ತುಂಬಿದಾನೆ ಈ ಹಾಲಸ್ವಾಮಿ. ಬೂದಿಯೆಲ್ಲ ಒಳಗೆ ಹೋಗಿ ಎಣ್ಣೆ ಹಾಳಾಗಿದೆ. ಒಂದ್ಸಲ ಹಿಡಿದ ಮೇಲೆ ನಿಲ್ಸಿದ್ರೂ ಅಷ್ಟೇ, ಓಡಿಸಿದ್ರೂ ಅಷ್ಟೇ."

ಹಾಲಸ್ವಾಮಿ ಅವನ ಮುಖವನ್ನೇ ನೋಡಿದ. ಎರಡು ಜೋಡಿ ಎತ್ತು ಕಟ್ಟಿ ವ್ಯಾನನ್ನು ಭದ್ರಾವತಿಗೆ ಎಳೆಸಿ ಮೋಟಾರು ರಿಪೇರಿಯ ಮಾಣಿಕ್ಯಂ ಮೇಸ್ತ್ರಿಯ ಶೆಡ್ಡಿಗೆ ಮುಟ್ಟಿಸುವ ತನಕ ಜೊತೆಗಿದ್ದು, ಟಿಕೆಟ್ಟಿನ ಚೀಲವನ್ನು ಸೀಟಿನ ಮೇಲಿಟ್ಟು ಮನೆಗೆ ಹೋದವನು ಮತ್ತೆ ಬರಲಿಲ್ಲ. ಮಾರನೆಯ ದಿನ ಶಿವಮೊಗ್ಗದ ಮೋಟಾರು ಸ್ಟ್ಯಾಂಡಿನಲ್ಲಿ ಡ್ರೈವರುಗಳೂ ಧಣಿಗಳೂ ಸೇರಿ ವಿಚಾರಿಸಿದಾಗ ಉಜ್ಜನಪ್ಪ ಅದೇ ಮಾತನ್ನು ಇನ್ನೊಮ್ಮೆ ಹೇಳಿದ, ಇನ್ನಷ್ಟು ಉಪ್ಪುಖಾರ ಹಚ್ಚಿ. ಮೂರನೆಯ ಸಲ ಹೇಳುವ ಹೊತ್ತಿಗೆ ಅವನಿಗೇ ಅರ್ಧ ನಂಬಿಕೆ ಬಂದಿತ್ತು.

ಕಾಶಮ್ಮನಿಗೆ ಬರಲಿಲ್ಲ. ಅವಳು ಅವನೆದುರು ಕೂತು, ತುಟಿ ಸರಿಯಾಗಿ ಕಾಣುವಂತೆ ನಿಧಾನವಾಗಿ ಹೇಳಿದಳು: "ಜರಡಿ ನಮ್ಮನೇದು. ಸೋಸೋದನ್ನ ದಿನಾ ಕಣ್ಣಾರೆ ಕಂಡೋಳು ನಾನು."

"ಹಂಗಾದ್ರೆ ಏನು ಹೇಳ್ಬೇಕಿತ್ತು? ನಾನು ಕಿವುಡ ಅಂತ ಡಂಗುರ ಹೊಡೀಬೇಕಿತ್ತಾ?"

"ಆ ಹುಡುಗನ ಹೊಟ್ಟೆ ಮೇಲೆ ಹೊಡೆದ್ರಿ."

"ನನ್ನ ಹೊಟ್ಟೆ?"

ಅವಳು ಎದ್ದು ಒಳಗೆ ಹೋದಳು. ಗಂಡ ಹೆಂಡತಿ ಆ ವಿಷಯವನ್ನು ಮುಂದೆ ಎತ್ತಲಿಲ್ಲ, ಆದರೆ ಊಟದ ತಟ್ಟೆಯ ಮುಂದೆ ಅದು ದಿನಾ ಬಂದು ಕೂರುತ್ತಿತ್ತು.

ಅದಕ್ಕಿಂತ ತಲೆ ತಿನ್ನುವ ಇನ್ನೊಂದು ವಿಷಯವೂ ಇತ್ತು. ನಲವತ್ತು ದಿನದೊಳಗೆ ಗಾಡಿ ಮತ್ತೆ ರಸ್ತೆಗೆ ಬಂದು ಮೋಟಾರು ಇನ್ಸ್‌ಪೆಕ್ಟರರ ಕಣ್ಣಿಗೆ ಬೀಳದಿದ್ದರೆ ಆ ದಾರಿಯ ಪರ್ಮಿಟ್ಟು ಬೇರೆಯವರ ಪಾಲು. ಇಂಜಿನ್ನಿಗೆ ಎರಡು ದಾರಿ. ಒಂದು, ಯಾರೋ ಬಿಚ್ಚಿ ರಿಪೇರಿ ಮಾಡಿ ಕೂರಿಸಿಟ್ಟ ರೆಡಿ ಇಂಜಿನ್ನು ಕೊಳ್ಳುವುದು. ಎಂಟು ದಿನದಲ್ಲಿ ಗಾಡಿ ಓಡುತ್ತದೆ. ಇನ್ನೊಂದು, ಹಳೆಯದನ್ನೇ ಬಿಚ್ಚಿ ತಾನೇ ಕಟ್ಟುವುದು. ಮಾಣಿಕ್ಯಂ ಮೇಸ್ತ್ರಿ ಶೆಡ್ಡು ಕೊಡುತ್ತಾನೆ, ಕೈಯೂ ಕೊಡುತ್ತಾನೆ, ಆದರೆ ಒಂದು ತಿಂಗಳಿಗೆ ಕಡಿಮೆಯಿಲ್ಲ.

ಸ್ಟ್ಯಾಂಡಿನವರೆಲ್ಲ ರೆಡಿ ಇಂಜಿನ್ನೇ ಕೊಳ್ಳು ಎಂದರು. ಊರಲ್ಲಿ ಮೋಟಾರು ಸಾಮಾನಿನ ಅಂಗಡಿ ಇಟ್ಟಿದ್ದ ಷಡಕ್ಷರಪ್ಪನ ಹತ್ತಿರ ಅಂಥದೊಂದು ಬಂದಿತ್ತು. ಕೊಳ್ಳಲು ಕಾಶಮ್ಮನ ಸರ ಹೋಗಬೇಕಿತ್ತು. ಅವಳು ಅದಕ್ಕೆ ಅಳಲಿಲ್ಲ. "ನನ್ನ ಸರ ಹೋಗೋ ಕಡೆ ನಾನೂ ಬರ್ತೀನಿ" ಎಂದಷ್ಟೇ ಹೇಳಿದಳು. ನಿಜವಾದ ಕಾರಣ ಇಬ್ಬರಿಗೂ ಗೊತ್ತಿತ್ತು. ಇಂಜಿನ್ನು ಕೊಳ್ಳುವುದೆಂದರೆ ಅದನ್ನು ಶುರು ಮಾಡಿಸಿ, ಕಿವಿಗೊಟ್ಟು ಕೇಳಿ, ಹೂಂ ಅಥವಾ ಊಹೂಂ ಅನ್ನಬೇಕು. ದನ ಕೊಳ್ಳುವವನು ಹಲ್ಲು ನೋಡುವ ಹಾಗೆ. ಸದ್ದು ಸರಿಯಿದ್ದರೆ ಕಾಶಮ್ಮ ಸೆರಗು ತಲೆಯ ಮೇಲೆ ಹೊದೆಯಬೇಕು, ಸರಿಯಿಲ್ಲದಿದ್ದರೆ ಸುಮ್ಮನಿರಬೇಕು. ಹೀಗೆಂದು ಮಾತಾಯಿತು.

ಷಡಕ್ಷರಪ್ಪನ ಅಂಗಡಿಯ ಹಿತ್ತಲಲ್ಲಿ ಮರದ ದಿಮ್ಮಿಗಳ ಮೇಲೆ ಇಂಜಿನ್ನು ಕೂತಿತ್ತು. ಹಸಿರು ಬಣ್ಣ ಬಳಿದು, ಎಣ್ಣೆ ಒರೆಸಿ, ಹಣೆಗೆ ಕುಂಕುಮವನ್ನೂ ಇಟ್ಟಿದ್ದರು, ಮದುಮಗಳ ಹಾಗೆ. ಷಡಕ್ಷರಪ್ಪನೇ ಸ್ವತಃ ಕೈಹಿಡಿ ತಿರುಗಿಸಿ ಶುರು ಮಾಡಿದ.

"ಕೇಳು ಮಾರಾಯ, ಕಿವಿ ತುಂಬ ಕೇಳು! ವೀಣೆ ನುಡಿದ ಹಂಗಿದೆ."

ಉಜ್ಜನಪ್ಪನಿಗೆ ಕಂಡದ್ದು ಹಸಿರು ಬಣ್ಣ ಮತ್ತು ನಡುಗುವ ಬೋಲ್ಟುಗಳು ಮಾತ್ರ. ಅವನು ಹೆಂಡತಿಯ ಕಡೆ ತಿರುಗಿದ. ಅವಳು ಕಣ್ಣು ಮುಚ್ಚಿ ನಿಂತಿದ್ದಳು. ಸೆರಗಿಗೆ ಕೈ ಹೋಗಲಿಲ್ಲ.

"ಅಲ್ಲೋ ಮಾರಾಯ, ಇಂಜಿನ್ ನೋಡು ಅಂದ್ರೆ ಹೆಂಡ್ತಿ ಮುಖ ನೋಡ್ತೀಯಲ್ಲ! ಮದುವೆ ಆಗಿ ಇಪ್ಪತ್ತು ವರ್ಷ ಆಗ್ಲಿಲ್ವೇನೋ?"

ಅಂಗಡಿಯ ಆಳುಗಳೆಲ್ಲ ನಕ್ಕರು. ಉಜ್ಜನಪ್ಪನೂ ಎಲ್ಲರ ಬಾಯಿ ನೋಡಿ ನಕ್ಕ. ಎಂಟು ದಿನ. ಎಂಟೇ ದಿನದಲ್ಲಿ ಸೀಟಿನಲ್ಲಿ ಕೂರಬಹುದು. ಅವನ ತಲೆ ತಾನಾಗಿ ಆಡಲು ಹೊರಟಿತ್ತು. ಆಗ ಕಾಶಮ್ಮ ಕಣ್ಣು ಬಿಟ್ಟು ಷಡಕ್ಷರಪ್ಪನಿಗೇ ನೇರವಾಗಿ ಹೇಳಿದಳು.

"ಬ್ಯಾಡ ಅಣ್ಣಾ. ಬೀಸುವಾಗ ರಾಗಿಯಲ್ಲಿ ಕಲ್ಲು ಸಿಕ್ಕಿದ ಹಂಗೆ ಒಳಗೆಲ್ಲೋ ಕಡೀತಿದೆ."

"ಬೀಸೋಕಲ್ಲು ಅಲ್ಲಮ್ಮ ಇದು!" ಎಂದು ಷಡಕ್ಷರಪ್ಪ ರೇಗಿದ.

"ಸದ್ದು ಸದ್ದೇ ಅಲ್ವಾ ಅಣ್ಣಾ" ಎಂದು ಅವಳು ಸರ ಸೆರಗಿನೊಳಗೆ ಸೇರಿಸಿಕೊಂಡು ಹೊರಟೇಬಿಟ್ಟಳು. ಏಳು ವರ್ಷ ದಿನಾ ಸಂಜೆ ಸೇತುವೆಯ ಮೇಲೆ ಗಂಡನ ವ್ಯಾನಿನ ಸದ್ದು ಕೇಳಿದ ಮೇಲೆಯೇ ರೊಟ್ಟಿ ತಟ್ಟಲು ಕೂರುತ್ತಿದ್ದ ಹೆಂಗಸು ಅವಳು. ಮೇಲೆ ಥಳಕು ಒಳಗೆ ಹುಳುಕು ಎಂಬುದು ಅವಳ ತೀರ್ಮಾನ. ಆ ಇಂಜಿನ್ನನ್ನು ಆಮೇಲೆ ಒಬ್ಬ ಅಕ್ಕಿ ಗಿರಣಿಯವನು ಕೊಂಡ. ಮೂರು ತಿಂಗಳೂ ಬಾಳಲಿಲ್ಲ ಎಂದು ಕೆಲವರು ಹೇಳಿದರೆ, ಹತ್ತು ವರ್ಷ ಗುಂಡುಕಲ್ಲಿನ ಹಾಗಿತ್ತು ಎಂದು ಇನ್ನು ಕೆಲವರು ಹೇಳುತ್ತಾರೆ. ಯಾರ ಮಾತು ನಿಜವೋ ನನಗೆ ತಿಳಿಯದು.

ದಾರಿಯಲ್ಲಿ ಉಜ್ಜನಪ್ಪ ಅವಳ ಮೇಲೆ ಹರಿಹಾಯ್ದ. ನಾವೇ ಇಂಜಿನ್ನು ಕಟ್ಟಿದ ಮೇಲೂ ಕೊನೆಗೆ ಕೇಳಲೇಬೇಕಲ್ಲ, ಅದಕ್ಕೂ ಕಿವಿ ಬೇಕಲ್ಲ ಎಂದ.

"ಅವರು ಕಟ್ಟಿದ್ರೆ ಒಳಗೇನಿದೆ ಅಂತ ಕಿವಿಯಿಂದ್ಲೇ ತಿಳೀಬೇಕು" ಎಂದಳು ಕಾಶಮ್ಮ. "ನೀವೇ ಕಟ್ಟಿದ್ರೆ ಕೈಗೆ ಗೊತ್ತಿರುತ್ತಲ್ರೀ."

ಮಾಣಿಕ್ಯಂ ಮೇಸ್ತ್ರಿ ತಮಿಳುನಾಡಿನ ಕಡೆಯಿಂದ ಬಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದು, ಈಗ ಭದ್ರಾವತಿಯಲ್ಲಿ ಸ್ವಂತ ಶೆಡ್ಡು ಹಾಕಿದ್ದ ಮುದುಕ. ಬೈಯುವುದು ತಮಿಳಿನಲ್ಲಿ, ಪ್ರೀತಿ ಕನ್ನಡದಲ್ಲಿ. ಅವನು ಬಿಳಿಲೋಹ ಕರಗಿಸಿ ಬೇರಿಂಗುಗಳಿಗೆ ಎರಕ ಹೊಯ್ದ. ಗೀರು ಬಿದ್ದ ದಂಡವನ್ನು ಲೇತು ಯಂತ್ರಕ್ಕೆ ಕೊಟ್ಟು ನಯ ಮಾಡಿದ. ಪಿಸ್ಟನ್ನುಗಳನ್ನು ಎಲ್ಲೋ ಬಿದ್ದಿದ್ದ ಲಾರಿಯಿಂದ ಕಿತ್ತು ತಂದ. ಉಳಿದದ್ದು ಉಜ್ಜನಪ್ಪನ ಕೆಲಸ. ಉಳಿದದ್ದೇ ಕೆಲಸ.

ಹರಳೆಣ್ಣೆಯಲ್ಲಿ ಕಾಡಿಗೆ ಕಲಸಿ ದಂಡಕ್ಕೆ ತೆಳ್ಳಗೆ ಸವರಬೇಕು. ಬೇರಿಂಗನ್ನು ಅದರ ಮೇಲೆ ಕೂರಿಸಿ ಒಂದು ಸುತ್ತು ತಿರುಗಿಸಿ ತೆಗೆದರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ಕಪ್ಪು ಹತ್ತಿರುತ್ತದೆ. ಆ ಕಪ್ಪನ್ನಷ್ಟೇ ಸಣ್ಣ ಉಳಿಯಿಂದ ಹೆರೆಯಬೇಕು. ಮತ್ತೆ ಕಾಡಿಗೆ, ಮತ್ತೆ ಸುತ್ತು, ಮತ್ತೆ ಹೆರೆತ. ಬೇರಿಂಗಿನ ಒಳಮೈಯೆಲ್ಲ ಒಂದೇ ಸಮ ಕಪ್ಪಾಗುವ ತನಕ. ಹೆಚ್ಚು ಹೆರೆದೆಯೋ, ಎರಕ ಮತ್ತೆ ಹೊಯ್ಯಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದೊಂದಕ್ಕೆ ಎರಡು ದಿನ, ಮೂರು ದಿನ ಹಿಡಿಯಿತು. ಉಜ್ಜನಪ್ಪನ ಬೆರಳುಗಳಿಗೆ ಈ ಕೆಲಸ ಒಲಿದುಬಿಟ್ಟಿತು. ಇಲ್ಲಿ ಯಾರೂ ಮಾತಾಡಿಸುವುದಿಲ್ಲ, ಯಾರ ತುಟಿಯನ್ನೂ ನೋಡಬೇಕಿಲ್ಲ. ಇಷ್ಟು ವರ್ಷ ಮುಖದ ಮೇಲೆ ಹೊತ್ತು ತಿರುಗುತ್ತಿದ್ದ ಜಾಣತನವನ್ನು ಕೆಳಗಿಟ್ಟು ಅವನು ಮೂರು ವಾರ ಸುಖವಾಗಿದ್ದ.

ಪೂರ್ತಿ ಸುಖ ಎಂದರೆ ಸುಳ್ಳಾದೀತು. ಹಾಲಸ್ವಾಮಿಯ ಮನೆ ಶೆಡ್ಡಿನಿಂದ ಅರ್ಧ ಮೈಲಿಯೂ ಇರಲಿಲ್ಲ. ಒಂದು ದಿನ ಅವನು ಬೆನ್ನ ಮೇಲೆ ಭತ್ತದ ಮೂಟೆ ಹೊತ್ತು ಎದುರಿನ ರಸ್ತೆಯಲ್ಲಿ ಹೋದ. ಇದ್ದಿಲು ಸೋಸದೆ ಇಂಜಿನ್ನು ಸುಟ್ಟವನು ಎಂದು ಯಾವ ಧಣಿಯೂ ಅವನನ್ನು ಗಾಡಿಗೆ ಹತ್ತಿಸಿರಲಿಲ್ಲ. ಉಜ್ಜನಪ್ಪ ಬೇರಿಂಗಿನ ಮೇಲೆ ತಲೆ ತಗ್ಗಿಸಿದ. ಆ ದಿನ ಹೆರೆದದ್ದೆಲ್ಲ ಸೊಟ್ಟ, ಮೇಸ್ತ್ರಿಯಿಂದ ತಮಿಳಿನಲ್ಲಿ ಬೈಸಿಕೊಂಡ.

ಮೂವತ್ತಾರನೆಯ ದಿನ ಇಂಜಿನ್ನು ವ್ಯಾನಿನಲ್ಲಿ ಕೂತಿತು. ಕಾಶಮ್ಮ ಬೆಳಗಿನ ರೈಲಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಶುರು ಮಾಡಿದರು. ವ್ಯಾನು ನಡುಗಿತು. ಮಾಣಿಕ್ಯಂ ಕಿವಿ ಹತ್ತಿರ ಇಟ್ಟು ಕೇಳಿ, ಮುಖ ಅರಳಿಸಿ, ಉಜ್ಜನಪ್ಪನಿಗೆ ಜಾಗ ಬಿಟ್ಟ. "ನೀ ಕೇಳು ಸಾಮಿ. ಇದರ ಸದ್ದು ನನಗಿಂತ ನಿನಗೆ ಗೊತ್ತು."

ಉಜ್ಜನಪ್ಪ ಬಗ್ಗಿದ. ತಲೆಯಾಡಿಸಲು ಹೊರಟ. ತಾನು ಹೆರೆದ ಬೇರಿಂಗು, ತನ್ನ ಬೆರಳಿನ ತುದಿಯ ಕೆಲಸ, ಅದಕ್ಕೂ ಈ ಸುಳ್ಳು 'ಹೂಂ'ಕಾರವೇ ಎಂದು ಎದೆಯಲ್ಲಿ ಚುರುಕ್ಕೆಂದಿತು. ಅವನು ಅಲ್ಲೇ ನಿಂತುಬಿಟ್ಟ. ಮೇಸ್ತ್ರಿ ಅವನ ಮುಖವನ್ನು ಒಂದು ಕ್ಷಣ ನೋಡಿದ, ಕಾಶಮ್ಮನ ಮುಖವನ್ನು ನೋಡಿದ. ಆಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ತಂದು, ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚು ಎಂದು ಸನ್ನೆ ಮಾಡಿ, ತುದಿಯನ್ನು ಇಂಜಿನ್ನಿಗೆ ಆನಿಸಿದ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ತಗಡು ಬಡಿದು ಕಿವಿ ಕಳೆದುಕೊಂಡವರು ಹೀಗೇ ಕೇಳುತ್ತಿದ್ದರಂತೆ.

ಉಜ್ಜನಪ್ಪ ಕಚ್ಚಿದ. ತಲೆಬುರುಡೆಯೊಳಗೆ ಇಂಜಿನ್ನು ಓಡತೊಡಗಿತು.

ಐದು ವರ್ಷದ ಮೇಲೆ ಕೇಳಿದ ಸದ್ದು ಅದು. ನಾಲ್ಕೂ ಸಿಲಿಂಡರುಗಳನ್ನು ಬೇರೆಬೇರೆಯಾಗಿ ಎಣಿಸಬಹುದಿತ್ತು. ಎಲ್ಲೂ ಬಡಿತವಿಲ್ಲ, ಕಡಿತವಿಲ್ಲ. ಅವನು ಸ್ಕ್ರೂಡ್ರೈವರ್ ಕಚ್ಚಿಕೊಂಡೇ ಅತ್ತ. ಜೊಲ್ಲೂ ಕಣ್ಣೀರೂ ಹಿಡಿಯ ಮೇಲೆ ಇಳಿದವು. ಕಾಶಮ್ಮ ಮುಖ ಆಚೆ ತಿರುಗಿಸಿದಳು.

"ಸಿಕ್ತು ಮೇಸ್ತ್ರಿ! ಇನ್ನೇನು ಬೇಕು ನಂಗೆ? ಹಲ್ಲಲ್ಲಿ ಕೇಳ್ತೀನಿ, ಗಾಡಿ ಓಡಿಸ್ತೀನಿ" ಎಂದು ಅವನು ಕೂಗಿದ. ತಾನು ಕೂಗುತ್ತಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಕೈ ಒರೆಸಿಕೊಳ್ಳುತ್ತ ಡ್ರೈವರ್ ಸೀಟಿನ ಬಾಗಿಲು ತೆಗೆದು ನಿಂತ.

ಮಾಣಿಕ್ಯಂ ಅವನ ಬೆನ್ನ ಹಿಂದಕ್ಕೆ ಹೋದ. ಶೆಡ್ಡಿನ ತೊಲೆಗೆ ಒಂದು ತುಂಡು ರೈಲುಕಂಬಿ ನೇತುಹಾಕಿದ್ದರು, ಊಟದ ಹೊತ್ತಿಗೆ ಬಾರಿಸಲು. ಸುತ್ತಿಗೆ ಎತ್ತಿ ಅದಕ್ಕೆ ಒಂದೇ ಏಟು ಹಾಕಿದ. ಕಾಶಮ್ಮ ಬೆಚ್ಚಿಬಿದ್ದಳು. ಎದುರಿನ ರಸ್ತೆಯ ಎತ್ತುಗಳು ತಲೆ ಎತ್ತಿದವು. ಮೇಸ್ತ್ರಿ ಇನ್ನೊಂದು ಏಟು ಹಾಕಿದ, ಮತ್ತೊಂದು ಹಾಕಿದ. ಉಜ್ಜನಪ್ಪ ನಗುನಗುತ್ತ ಕೈ ಒರೆಸುತ್ತಲೇ ಇದ್ದ. ಆಮೇಲೆ ಹೆಂಡತಿಯ ಮುಖ ಕಣ್ಣಿಗೆ ಬಿತ್ತು. ಅವಳ ಮುಖ ನೋಡಿ ನಗು ನಿಲ್ಲಿಸಿ ಹಿಂದೆ ತಿರುಗಿದ. ಕಂಬಿ ಇನ್ನೂ ತೂಗಾಡುತ್ತಿತ್ತು.

"ಇಂಜಿನ್ನು ಹಲ್ಲಿಗೆ ಕೇಳುತ್ತೆ ಸಾಮಿ" ಎಂದ ಮೇಸ್ತ್ರಿ, ಎದುರಿಗೆ ಬಂದು, ಬಿಡಿಸಿ ಬಿಡಿಸಿ. "ಹಿಂದೆ ಬರೋ ಲಾರಿ ಕೇಳಲ್ಲ. ರೋಡಲ್ಲಿ ಅಳೋ ಮಗು ಕೇಳಲ್ಲ. ಹದಿನಾರು ಜನ ಕೂತಿರ್ತಾರೆ."

ಉಜ್ಜನಪ್ಪ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತ. ಸಿಟ್ಟು ಬಂತು, ಮೇಸ್ತ್ರಿಯ ಮೇಲೆ, ತುಂಗೆಯ ಮೇಲೆ, ಎತ್ತು ಮಾರಿದ ಆ ದಿನದ ಮೇಲೆ. ಅದೆಲ್ಲ ಒಂದು ಗಳಿಗೆ. ಸಿಟ್ಟು ಇಳಿದ ಮೇಲೆ ಉಳಿದದ್ದು ನಾಚಿಕೆ, ಅದು ಇಳಿಯಲಿಲ್ಲ. ಹದಿನಾರು ಜನ ಅವನನ್ನು ನಂಬಿ ಕೂರುತ್ತಿದ್ದರು. ಐದು ವರ್ಷ ಅವನು ಅವರನ್ನು ಕಣ್ಣು ಕಟ್ಟಿಕೊಂಡವನ ಹಾಗೆ ಹೊತ್ತು ತಿರುಗಿದ್ದ. ಅವನು ಎದ್ದು ಕಾಶಮ್ಮನಿಗೆ, "ಬಾ, ಹಾಲಸ್ವಾಮಿ ಮನೆಗೆ ಹೋಗೋಣ" ಎಂದ.

ಹಳೇನಗರದ ಆ ಮನೆಯ ಬಾಗಿಲಲ್ಲಿ ಹಾಲಸ್ವಾಮಿಯ ಹೆಂಡತಿ ಪುಟ್ಟಲಕ್ಷ್ಮಿ ಇವರನ್ನು ಕಂಡವಳೇ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಕಾಶಮ್ಮನಿಗೆ ಕೂಡ ಬನ್ನಿ ಎನ್ನಲಿಲ್ಲ. ಹಾಲಸ್ವಾಮಿಯೇ ಜಗಲಿಗೆ ಬಂದ. ಹೆಗಲ ಮೇಲೆ ಮೂಟೆ ಉಜ್ಜಿದ ಗಾಯ ಕೆಂಪಗಿತ್ತು.

"ನಂಗೆ ಕಿವಿ ಕೇಳಲ್ಲ ಹಾಲಸ್ವಾಮಿ" ಎಂದ ಉಜ್ಜನಪ್ಪ. ಹೆಂಡತಿಯನ್ನು ಬಿಟ್ಟು ಇನ್ನೊಬ್ಬರ ಎದುರು ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

"ಗೊತ್ತು ಅಣ್ಣಾ" ಎಂದ ಹಾಲಸ್ವಾಮಿ. ಉಜ್ಜನಪ್ಪ ಅವನ ತುಟಿಯನ್ನು ತಪ್ಪಾಗಿ ಓದಿದೆನೇನೋ ಎಂದು ಹೆಂಡತಿಯ ಕಡೆ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು.

"ನಾಲ್ಕು ವರ್ಷದಿಂದ ಗೊತ್ತು. ಹುರಿ ಕಟ್ಟಿದ ದಿನವೇ ಗೊತ್ತಾಯ್ತು. ಯಾರಿಗೂ ಹೇಳ್ಲಿಲ್ಲ. ರಾತ್ರಿ ಹಗಲು ನಿಮಗೆ ಎರಡು ಕಿವಿ ಆಗಿದ್ದೆ ನಾನು. ಆವತ್ತೂ ಮೂರು ಸಲ ಹೇಳಿದೆ, ಇಂಜಿನ್ ಬಡೀತಿದೆ ನಿಲ್ಲಿಸಿ ಅಂತ. ನೀವು ಹೂಂ ಅಂದ್ರಿ. ಕೇಳಿಸಿಲ್ಲ ಅಂತ ಗೊತ್ತಿದ್ರೂ ಹುರಿ ಎಳೀಲಿಲ್ಲ ನಾನು. ಜನರ ಮುಂದೆ ನಿಮ್ಮ ಮಾನ ಹೋದೀತು ಅಂತ. ಅದೊಂದು ನನ್ನ ತಪ್ಪು, ಒಪ್ಕೋತೀನಿ." ಅವನು ಹೆಗಲ ಗಾಯದ ಮೇಲೆ ಟವೆಲು ಎಳೆದುಕೊಂಡ. "ಆದ್ರೆ ಇದ್ದಿಲು ಸೋಸಿದ್ದೆ ಅಣ್ಣಾ."

ಉಜ್ಜನಪ್ಪ ಜಗಲಿಯ ಅಂಚಿಗೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮುಚ್ಚಿಕೊಂಡರೆ ಅವನಿಗೆ ಯಾರ ಮಾತೂ ಇರುವುದಿಲ್ಲ. ಆಮೇಲೆ ಹಾಲಸ್ವಾಮಿಯೇ ಅವನ ಕೈ ಸರಿಸಿ, ಮುಖ ಕಾಣುವಂತೆ ಕೂತು ಹೇಳಿದ.

"ಗಾಡಿ ಓಡಿಸ್ತೀನಿ. ಗುರುವಾರ ಇನ್ಸ್‌ಪೆಕ್ಟರ್ ಬರೋ ಹೊತ್ತಿಗೆ ಸ್ಟ್ಯಾಂಡಲ್ಲಿ ನಿಲ್ಲಿಸ್ತೀನಿ. ನಮ್ಮ ಜಗಲೀಲಿ ಹೇಳಿದ್ದು ಸಾಲ್ದು. ಸ್ಟ್ಯಾಂಡಲ್ಲಿ ಹೇಳಿದ್ದು ಸ್ಟ್ಯಾಂಡಲ್ಲೇ ವಾಪಸ್ ತಗೊಳ್ಳಿ."

ಮುಂದೆ ಉಜ್ಜನಪ್ಪ ಹನ್ನೆರಡು ವರ್ಷ ಮಾಣಿಕ್ಯಂ ಶೆಡ್ಡಿನಲ್ಲಿ ಬೇರಿಂಗು ಹೆರೆದ. ತರೀಕೆರೆಯಿಂದ, ಸಾಗರದಿಂದ ಗಾಡಿಗಳು ಅವನ ಕೈಯನ್ನು ಹುಡುಕಿಕೊಂಡು ಬಂದವು. ಹಲ್ಲಿನ ಮೇಸ್ತ್ರಿ ಎಂದೇ ಹೆಸರಾಯಿತು. ಆದರೆ ಆ ಗುರುವಾರ ಅದು ಯಾವುದೂ ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ಬದುಕು ಇವತ್ತು ಹತ್ತು ಗಂಟೆಗೆ ಮುಗಿಯುತ್ತದೆ ಎಂದಷ್ಟೇ ಗೊತ್ತಿತ್ತು. ಬೆಳಿಗ್ಗೆ ಲಿಂಗಪೂಜೆಗೆ ಕೂತವನು ಬೇಗ ಏಳಲಿಲ್ಲ. ಕಾಶಮ್ಮ ಎಬ್ಬಿಸಲಿಲ್ಲ.

ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಆ ದಿನ ಜನ ಸೇರಿದ್ದರು. ಇನ್ಸ್‌ಪೆಕ್ಟರರು ವ್ಯಾನಿನ ಸುತ್ತ ನಡೆದು, ಇಂಜಿನ್ನು ಓಡಿಸಿ ಕೇಳಿ, ಕಾಗದದ ಮೇಲೆ ಬರೆದರು. ಡ್ರೈವರುಗಳು ಬಗ್ಗಿ ನೋಡಿದರು. ಷಡಕ್ಷರಪ್ಪನೂ ಬಂದು ನಿಂತಿದ್ದ. "ಏನು ಸದ್ದು ಮಾರಾಯ! ಜೇನು ಗುಂಯ್‌ಗುಟ್ಟಿದ ಹಂಗಿದೆ" ಎಂದು ಯಾರೋ ಹೊಗಳಿದ್ದು ಉಜ್ಜನಪ್ಪನಿಗೆ ತಿಳಿಯಲಿಲ್ಲ. ಅವನು ವ್ಯಾನಿನ ಮೆಟ್ಟಿಲು ಹತ್ತಿ ಜನರ ಕಡೆ ತಿರುಗಿ ನಿಂತ.

"ಎಲ್ಲರೂ ಕೇಳಿ. ಹಾಲಸ್ವಾಮಿ ಇದ್ದಿಲು ಚೆನ್ನಾಗೇ ಸೋಸಿದ್ದ. ಅವನದೇನೂ ತಪ್ಪಿಲ್ಲ. ಇಂಜಿನ್ ಬಡಿಯೋದು ನಂಗೆ ಕೇಳಿಸ್ಲಿಲ್ಲ. ನಾನು ಕಿವುಡ, ಐದು ವರ್ಷದಿಂದ. ಕಿವಿ ಇಲ್ದೆ ನಿಮ್ಮನ್ನೆಲ್ಲ ಕೂರಿಸ್ಕೊಂಡು ಓಡಿಸಿದೀನಿ. ಸುಳ್ಳು ಹೇಳಿದೋನು ನಾನು."

ಲೈಸೆನ್ಸಿನ ಪುಸ್ತಕ ತೆಗೆದು ಇನ್ಸ್‌ಪೆಕ್ಟರರ ಕೈಯಲ್ಲಿಟ್ಟ.

ಎಲ್ಲರ ಬಾಯಿಗಳೂ ಒಂದೇ ಸಲ ತೆರೆದವು. ಇಪ್ಪತ್ತು ಬಾಯಿ, ಮೂವತ್ತು ಬಾಯಿ. ಒಂದು ತುಟಿಯನ್ನು ಹಿಡಿಯುವ ಮೊದಲು ಇನ್ನೊಂದು ಅಲುಗಿತು. ಯಾರೋ ಕೈ ಎತ್ತಿದರು, ಹೊಡೆಯಲೋ ತಡೆಯಲೋ ತಿಳಿಯಲಿಲ್ಲ. ಒಬ್ಬ ಮುದುಕ ನೆಲಕ್ಕೆ ಉಗುಳಿದ, ಎಲೆಅಡಿಕೆಯೋ ತಿರಸ್ಕಾರವೋ. ಅಡಿಕೆ ವ್ಯಾಪಾರಿ ಉದ್ದಕ್ಕೆ ಏನೋ ಹೇಳುತ್ತಿದ್ದ, ಅವನ ಮುಖಕ್ಕೆ ಬಿಸಿಲು ಬಿದ್ದಿತ್ತು. ಉಜ್ಜನಪ್ಪ ಕಿವಿ ಹೋದ ಮೇಲೆ ಮೊದಲ ಸಲ ತಲೆಯಾಡಿಸದೆ, ಹೂಂಗುಟ್ಟದೆ, ತಿಳಿಯದ ಮಾತಿನ ಎದುರು ತಿಳಿಯದವನಾಗಿಯೇ ನಿಂತಿದ್ದ. ಹಾಲಸ್ವಾಮಿ ಸ್ಟೇರಿಂಗಿನ ಹಿಂದೆ ಕೂತು ಮುಂದೆ ನೋಡುತ್ತಿದ್ದ, ಅವನ ಕೆನ್ನೆ ಒದ್ದೆಯಾಗಿತ್ತು. ಕಾಶಮ್ಮ ಮುಂದೆ ಬಂದು ಗಂಡನ ತೋಳು ಹಿಡಿದು ಕೆಳಗಿಳಿಸಿಕೊಂಡಳು. ಇಬ್ಬರೂ ನಡೆದುಕೊಂಡೇ ಮನೆಗೆ ಹೋದರು.

ಆ ದಿನ ಜನ ಏನೆಂದರು ಎಂದು ಅವನು ಅವಳನ್ನು ಸಾಯುವ ತನಕ ಕೇಳಲಿಲ್ಲ. ಅವಳೂ ಹೇಳಲಿಲ್ಲ.